ಹೆಸರು ಕೇಳುವ ಕಲ್ಲು

“ಆ ಕಲ್ಲು ಬಡೀಬ್ಯಾಡ್ರಿ ಸಾಹೇಬ್ರ. ಬಡದ್ರ ಅದಕ್ಕ ಒಂದು ಹೆಸರು ಕೊಡಬೇಕಾಗತೈತಿ.”

ಇಷ್ಟು ಹೇಳಿ ಕಸ್ತೂರೆಮ್ಮ ಚಹದ ಬಟ್ಟಲನ್ನು ಶಿವಕಾಂತನ ಮುಂದಿಟ್ಟಳು. ಎಪ್ಪತ್ತರ ಆಸುಪಾಸಿನ ಹೆಂಗಸು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವಳ ಮಾತಿನಲ್ಲಿ ಬೆದರಿಕೆಯ ಸುಳಿವಿರಲಿಲ್ಲ. ಒಲೆ ಬಿಸಿಯಿದೆ, ಮುಟ್ಟಬೇಡ ಎಂದು ಮಕ್ಕಳಿಗೆ ಹೇಳುವ ಧಾಟಿ ಅದು.

ಶಿವಕಾಂತ ನಕ್ಕ. ತುಮಕೂರಿನ ಕಾಲೇಜೊಂದರಲ್ಲಿ ಮೇಷ್ಟರು ಅವನು. ಕಲ್ಲಿನೊಳಗೆ ಸದ್ದು ಹೇಗೆ ಹರಿಯುತ್ತದೆ ಎಂಬುದು ಅವನ ವಿದ್ಯೆ. ಪ್ರತಿ ಬಂಡೆಗೂ ಅದರದೇ ಆದ ಒಂದು ಸ್ವರವಿದೆ, ಅದೇ ಸ್ವರವನ್ನು ಹೊರಗಿನಿಂದ ಕೇಳಿಸಿದರೆ ಬಂಡೆ ತಾನಾಗಿ ನಡುಗುತ್ತದೆ, ಆ ನಡುಕ ಅಳೆದರೆ ಒಳಗೆ ಬಿರುಕಿದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕಾಗಿ ಮೂರು ವಾರದಿಂದ ಸಿಂಧನೂರಿನ ಲಾಡ್ಜಿನಲ್ಲಿ ಉಳಿದು, ದಿನವೂ ಮಸ್ಕಿ ಲಿಂಗಸುಗೂರಿನ ಗುಡ್ಡಗಳನ್ನು ಸುತ್ತುತ್ತಿದ್ದ. ಈ ಊರಿನ ಗುಡ್ಡದಲ್ಲಿ ಗಂಟೆಯ ಹಾಗೆ ಉಲಿಯುವ ಕಲ್ಲೊಂದಿದೆ ಎಂದು ಹೇಳಿ ಕರೆತಂದವನು ಮೌಲಾಹುಸೇನ. ಮಸ್ಕಿಯ ಕಲ್ಲುಕುಟಿಗ, ಒರಳು, ಬೀಸುವ ಕಲ್ಲು ಕಡೆಯುವವನು.

“ನಾವು ಸುತ್ತಿಗಿಲೆ ಬಡದು ಕೇಳ್ತೀವಿ, ಇವರು ಮಿಷನ್‌ಲೆ ಕೇಳ್ತಾರ,” ಎಂದು ಮೌಲಾಹುಸೇನ ಚಹಾ ಹೀರಿದ. “ಕೇಳೋದು ಅದನ. ಪಗಾರ ಅಷ್ಟ ಬ್ಯಾರೆ.”

“ಕಲ್ಲಿಗೆ ಡಾಕ್ಟರು ಅನ್ನು,” ಎಂದಿತು ಮೂಲೆಯ ಹೊರಸಿನಿಂದ ಒಂದು ತೊದಲು ದನಿ. ಕಸ್ತೂರೆಮ್ಮನ ಗಂಡ. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಸೋತಿತ್ತು. ಬಾಯಿ ಒಂದು ಕಡೆಗೆ ಜಗ್ಗಿತ್ತು, ನಗೆ ಮಾತ್ರ ನೆಟ್ಟಗಿತ್ತು. “ಡಾಕ್ಟರ್ ಸಾಹೇಬ್ರ, ನನ್ನ ಕಾಲಿಗೂ ಒಂದೀಟು ಮಿಷನ್ ಹಚ್ಚಿ ನೋಡ್ರಿ. ಇದೂ ಕಲ್ಲ ಆಗೈತಿ.”

“ನಿಮ್ಮ ಹೆಸರು ಬರ್ಕೋತೀನಿ ತಾತ, ಮೊದಲ ಪೇಷೆಂಟು,” ಎಂದ ಶಿವಕಾಂತ.

“ಬರಕೋರಿ. ಅಮರಗುಂಡಪ್ಪ. ಇಕೀನ ಕೇಳಿದ್ರ ಹೇಳಂಗಿಲ್ಲ ಮತ್ತ. ಐವತ್ತೆರಡು ವರ್ಷ ಆತು ಲಗ್ನ ಆಗಿ, ಗಂಡನ ಹೆಸರು ಬಾಯಾಗ ತಂದಾಕಿ ಅಲ್ಲ. ರೇಷನ್ ಅಂಗಡ್ಯಾಗ ಹೆಸರು ಕೇಳಿದ್ರ ಕಾರ್ಡ್ ಮುಂದ ಹಿಡೀತಾಳ.”

“ಸುಮ್ಮ ಮಲಕೊಳ್ರಿ,” ಎಂದು ಕಸ್ತೂರೆಮ್ಮ ಸೆರಗಿನ ತುದಿಯಿಂದ ಅವನ ಬಾಯಂಚಿನ ಜೊಲ್ಲು ಒರೆಸಿದಳು. ಒರೆಸುತ್ತಲೇ ಕಲ್ಲಿನ ಕತೆ ಹೇಳಿದಳು.

“ಹಿಂದಕ ಇಲ್ಲೊಬ್ಬ ದೇಸಾಯಿ ಇದ್ದನಂತ. ದಾಯಾದಿನ್ನ ಮುಗಸಾಕ ಎಲ್ಲಿಂದಲೋ ಮಾಟಗಾರನ್ನ ಕರಿಸಿದ. ಅವ ಒಂಬತ್ತು ಅಮಾಸಿ ಗುಡ್ಡದ ಗವ್ಯಾಗ ಕುಂತು ಈ ಕಲ್ಲಿಗೆ ಸಾವಿನ ಕೂಗು ಕಟ್ಟಿದ. ಕಲ್ಲು ಬಡದು ಹೆಸರು ಅಂದ್ರ ಆತು, ಆ ಹೆಸರಿನವರ ಉಸಿರು ಬಿಚ್ಚಿಕೊಂತಿತ್ತು. ದೇಸಾಯಿ ಸತ್ತ, ಮಾಟಗಾರ ಸತ್ತ, ಮಾಟ ಸಾಯಲಿಲ್ಲ. ನಮ್ಮ ಹಿರೇರು ಅದನ್ನ ಬಿಡಸಾಕ ಆಗದ, ಪುಣ್ಯದ ಕೆಲಸಕ್ಕ ಹಚ್ಚಿದ್ರು. ಜೀವ ಹೋಗದ ನಳ್ಳಾಡೋರು ಇರ್ತಾರಲ್ಲ, ಅವರ ಮನ್ಯಾಗಿನವರು ಬಂದು ಒಂದ ಏಟು ಬಡದು ಹೆಸರು ಹೇಳ್ತಾರ. ನಾ ಆ ಹೆಸರ ತಿರುಗಿ ಅಂದು ಕೈ ಇಡ್ತೀನಿ. ಕಲ್ಲು ಸುಮ್ಮನಾಗತೈತಿ. ಅವರು ಮನಿ ಮುಟ್ಟೂದ್ರಾಗ ನಳ್ಳಾಟ ಮುಗದಿರತೈತಿ. ಹಿಂದ ಮುಂದ ಯಾರೂ ಇಲ್ಲದವರಿದ್ರ ಬಡಿಯಾಕಿನೂ ನಾನ, ಅನ್ನಾಕಿನೂ ನಾನ.”

“ಹೆಸರು ಹೇಳದೆ ಬಡಿದುಬಿಟ್ಟರೆ?”

“ಬಡದವರ ಮನಸಿನ್ಯಾಗ ಆ ಹೊತ್ತಿಗೆ ಯಾರು ಇರ್ತಾರೋ, ಅವರನ್ನ ಹುಡಿಕ್ಕೊಂಡು ಹೋಗತೈತಿ.”

“ಹಾಗಾದ್ರೆ ನಮ್ಮ ಪ್ರಿನ್ಸಿಪಾಲರನ್ನ ನೆನೆಸ್ಕೊಂಡೇ ಹೋಗ್ತೀನಿ ಬಿಡಿ ಅಜ್ಜಿ.”

ಅವನ ನಗೆಗೆ ಹೊರಸಿನ ಮುದುಕನೊಬ್ಬನೇ ಜೊತೆಗೂಡಿದ. ಮೌಲಾಹುಸೇನ ಬಟ್ಟಲನ್ನು ಕೆಳಗಿಟ್ಟು ನೆಲ ನೋಡಿದ. ಶಿವಕಾಂತ ಮುದುಕಿಯನ್ನು ಸಮಾಧಾನ ಮಾಡಲೆಂದು, “ನಾನು ಬಡಿಯೋದೇ ಇಲ್ಲಮ್ಮ. ಸುತ್ತಿಗೆ ಮುಟ್ಟೋದೇ ಇಲ್ಲ. ಸುಮ್ಮನೆ ಒಂದು ದನಿ ಕೇಳಿಸಿ ಬರ್ತೀನಿ,” ಎಂದ. ಅದು ಸುಳ್ಳಲ್ಲ. ಅವಳಿಗೆ ಯಂತ್ರದ ಸಂಗತಿ ತಿಳಿಯದು. ಅವನಿಗೆ ಆ ಕಟ್ಟಳೆ ಏಕೆ ಒಂದೇ ಏಟಿನದು ಎಂಬುದು ತಿಳಿಯದು. ಇಬ್ಬರ ಅರಿವಿನ ನಡುವೆ ಉಳಿದ ಅಷ್ಟು ಸಣ್ಣ ಸಂದಿ ಸಾಕಾಯಿತು.

“ಬಡಿಯಂಗಿಲ್ಲ ಅಂದ್ರ ನೋಡಿ ಬರ್ರಿ. ರೊಟ್ಟಿ ಮಾಡಿರ್ತೀನಿ,” ಎಂದಳು ಅವಳು.

ಮಾರ್ಚ್ ತಿಂಗಳ ಭಾನುವಾರ. ಹನ್ನೊಂದು ಗಂಟೆಗೇ ಗುಡ್ಡ ಕಾದಿತ್ತು. ಚಪ್ಪಲಿಯೊಳಗಿನಿಂದ ಅಂಗಾಲು ಸುಡುತ್ತಿತ್ತು, ಒಣಗಿದ ಬಾದೆಹುಲ್ಲಿನ ವಾಸನೆ ಮೂಗಿಗೆ ಕಟ್ಟಿತ್ತು. ಆದರೆ ಎರಡು ದೊಡ್ಡ ಬಂಡೆಗಳ ನಡುವಿನ ಸೀಳಿನಲ್ಲಿ ಅಡ್ಡಡ್ಡ ಸರಿದು ಗವಿಯೊಳಗೆ ಕಾಲಿಟ್ಟ ಕೂಡಲೇ ಹೊರಗಿನ ಲೋಕ ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತುಹೋಯಿತು. ಅಂಥ ಬಿಸಿಲಿನ ಹೊತ್ತಿನಲ್ಲೂ ಒಳಗೆ ಕತ್ತಲು. ಬಾವಲಿ ಹಿಕ್ಕೆಯ ಖಾರ ವಾಸನೆ, ಅದರಡಿಯಲ್ಲಿ ಹಳೆಯ ಎಣ್ಣೆ, ಸುಟ್ಟ ಕರ್ಪೂರ. ಇನ್ನೂ ಅಡಿಯಲ್ಲಿ, ಹೇಳಲು ಬಾರದ ಒಂದು ತಣ್ಣನೆಯ ವಾಸನೆ. ಮನುಷ್ಯರು ಬಹಳ ದಿನ ಮಲಗಿದ ಕೋಣೆಯದು.

ಮೌಲಾಹುಸೇನ ಸೀಳಿನಲ್ಲೇ ನಿಂತ. “ನಾ ಇಲ್ಲೇ ಇರ್ತೀನ್ರಿ ಸರ್. ನನ್ನ ಹೊಟ್ಟಿ ಸ್ವಲ್ಪ ದಪ್ಪ.”

“ಹೊಟ್ಟೆ ಅಲ್ಲ, ಎದೆ ಸಣ್ಣದು,” ಎಂದು ಶಿವಕಾಂತ ಬ್ಯಾಟರಿ ಹಾಕಿದ.

ಕಲ್ಲು ಮಲಗಿತ್ತು. ಎಮ್ಮೆಯಷ್ಟು ಉದ್ದದ ಕಪ್ಪು ಹಾಸು. ತುದಿಗಳಿಂದ ಒಳಕ್ಕೆ ಎರಡೇ ಕಡೆ, ಎರಡು ಗುಂಡುಗಳ ಮೇಲೆ ಕೂತಿತ್ತು. ಶಿವಕಾಂತನ ಮೈ ಜುಮ್ಮೆಂದಿತು, ಭಯಕ್ಕಲ್ಲ, ಸಂತೋಷಕ್ಕೆ. ಹಾಸುಗಲ್ಲು ಉಲಿಯುವಾಗ ಅದರ ಮೈಯಲ್ಲಿ ಎರಡು ಜಾಗ ಅಲುಗುವುದಿಲ್ಲ. ಆ ಎರಡು ಜಾಗಕ್ಕೇ ಸರಿಯಾಗಿ ಗುಂಡು ಕೊಟ್ಟು ಯಾರೋ ಅದನ್ನು ಕೂರಿಸಿದ್ದರು. ಕಲ್ಲಿನ ಶಾಸ್ತ್ರ ಬಲ್ಲವನ ಕೈ ಅದು. ಹಾಸಿನ ನಡುವೆ ಒಂದು ಅಂಗೈ ಅಗಲದ ಜಾಗ ಕನ್ನಡಿಯಂತೆ ನುಣುಪಾಗಿ ಸವೆದಿತ್ತು. ಎಷ್ಟು ಕೈಗಳೋ, ಎಷ್ಟು ಕಾಲದಿಂದಲೋ.

ಅವನು ಮೇಣದಿಂದ ಕಂಪನದ ಯಂತ್ರವನ್ನು ಕಲ್ಲಿಗೆ ಅಂಟಿಸಿದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಇನ್ನೊಂದು ತುದಿಗೆ ಅಳೆಯುವ ಗುಂಡಿ. ಮಡಿಲಲ್ಲಿ ಲ್ಯಾಪ್‌ಟಾಪ್.

“ಅದು ಏನ ಮಾಡತೈತ್ರಿ?” ಸೀಳಿನಿಂದ ಮೌಲಾಹುಸೇನನ ಪ್ರಶ್ನೆ.

“ಜೋಕಾಲಿ ತೂಗ್ತೀವಲ್ಲ, ಹಾಗೆ. ಒಂದು ಸಲ ಜೋರಾಗಿ ತಳ್ಳಿದ್ರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಅದು ಸುತ್ತಿಗೆ. ಅದರ ಹೊತ್ತಿಗೆ ಸರಿಯಾಗಿ ಮೆಲ್ಲಗೆ ತಳ್ಳುತ್ತಾ ಇದ್ರೆ? ಏರುತ್ತಲೇ ಹೋಗುತ್ತೆ. ಇದು ಬಿಡದೆ ತಳ್ಳುತ್ತೆ.”

ಮೌಲಾಹುಸೇನ ಸೀಳಿನೊಳಗೆ ಕತ್ತು ಚಾಚಿದ. “ಬಿಡದಂಗ ಅಂದ್ರ... ಅದು ಬಡದಂಗ ಆಗಲಿಲ್ಲೇನ್ರಿ ಸರ್? ಸೆಕೆಂಡಿಗೆ ಎಷ್ಟು ಏಟು?”

ಶಿವಕಾಂತ ಕೇಳಿಸಿಕೊಳ್ಳಲಿಲ್ಲ. ಸ್ವರವನ್ನು ಕೆಳಗಿನಿಂದ ಏರಿಸುತ್ತ ಬಂದಿದ್ದ. ಸೆಕೆಂಡಿಗೆ ನೂರ ಐವತ್ತು. ಕಲ್ಲು ಸುಮ್ಮನಿತ್ತು. ನೂರ ತೊಂಬತ್ತು. ಸುಮ್ಮನಿತ್ತು. ಇನ್ನೂರ ಹತ್ತು. ಬಾವಲಿಗಳ ಚಿರಿಚಿರಿ ಒಮ್ಮೆಲೇ ನಿಂತಿತು.

ಇನ್ನೂರ ಹನ್ನೊಂದು.

ಕಲ್ಲು ಎದ್ದಿತು.

ಮೊದಲು ಅದು ಕಿವಿಗೆ ಬರಲಿಲ್ಲ, ಹಲ್ಲಿಗೆ ಬಂತು. ಆಮೇಲೆ ಎದೆಗೂಡಿಗೆ. ಆಮೇಲೆ ದುಂಡಗಿನ, ತುಂಬಿದ, ಬಾಯಿ ಮುಚ್ಚಿಕೊಂಡು ಯಾರೋ ಜೋಗುಳ ಹಾಡುವಂಥ ಒಂದು ದನಿ ಗವಿಯ ಮೂಲೆಮೂಲೆಯಿಂದ ಹೊರಟಿತು. ಹಾಸಿನ ಮೇಲಿನ ಧೂಳು, ಮರಳು ಕುಣಿಯತೊಡಗಿದವು. ಕುಣಿಯುತ್ತ ಸರಿದು ಎರಡು ನೇರ ಗೆರೆಗಳಾಗಿ ಸಾಲುಗಟ್ಟಿ ನಿಂತವು, ಯಾರೋ ಬೆರಳಿನಿಂದ ವಿಭೂತಿ ಎಳೆದ ಹಾಗೆ.

ಶಿವಕಾಂತ ಬಾಯಿಬಿಟ್ಟು ನಕ್ಕ. ಏಳು ವರ್ಷದ ಮಗಳಿಗೆ ಅವನು ದಿನವೂ ಒಂದು ಕಲ್ಲಿನ ದನಿ ಕಳಿಸುತ್ತಿದ್ದ. ಅವಳು ಒಂದೊಂದಕ್ಕೂ ತಕ್ಕ ಅಡ್ಡಹೆಸರು ಇಡುತ್ತಿದ್ದಳು, ಇದು ಸೈಕಲ್ ಬೆಲ್ಲು, ಇದು ಸ್ಟೀಲ್ ಡಬ್ಬಿ ಎಂದು. ಫೋನು ತೆಗೆದು ಮರಳಿನ ಗೆರೆಗಳ ಕಡೆ ಹಿಡಿದ. ಇದನ್ನು ಅವಳಿಗೆ ತೋರಿಸಬೇಕು, ಎಂದುಕೊಂಡ. ಅವಳ ಮುಖ ಕಣ್ಣೆದುರು ಬಂತು. ಮುಂದಿನ ಹಲ್ಲು ಬಿದ್ದ ನಗು.

ಕಲ್ಲಿನ ದನಿ ಒಂದು ಕ್ಷಣ ತಡೆಯಿತು. ಯಾರೋ ತಲೆ ಎತ್ತಿ ಆಲಿಸಿದ ಹಾಗೆ. ಮತ್ತೆ ಹೊರಟಿತು. ಈ ಸಲ ಇನ್ನೂ ಮೆಲ್ಲಗೆ. ಇನ್ನೂ ಆಳವಾಗಿ. ಏರುತ್ತ, ಇಳಿಯುತ್ತ.

ಅಳತೆ ಸಾಕೆಂದು ಅವನು ಯಂತ್ರ ಆರಿಸಿದ.

ದನಿ ನಿಲ್ಲಲಿಲ್ಲ.

ಯಂತ್ರದ ತಂತಿ ಕಿತ್ತ. ನಿಲ್ಲಲಿಲ್ಲ. ಮೇಣ ಬಿಡಿಸಿ ಯಂತ್ರವನ್ನೇ ಕಲ್ಲಿನಿಂದ ಎತ್ತಿದ. ಅಂಗೈಯಲ್ಲಿ ಅದು ಸತ್ತ ಇಲಿಯ ಹಾಗೆ ತಣ್ಣಗಿತ್ತು. ಲ್ಯಾಪ್‌ಟಾಪಿನ ಗೆರೆ ಮಾತ್ರ ಏರಿ ಇಳಿಯುತ್ತಿತ್ತು. ಗಳಿಗೆಗಳಿಗೆಗೂ ತುಸು ಎತ್ತರಕ್ಕೆ. ಉಳಿದ ಕಂಪನ, ಆರುತ್ತದೆ, ಎಂದುಕೊಂಡ. ಒಂದು ನಿಮಿಷ ಕಾದ. ಎರಡು ನಿಮಿಷ. ತಳ್ಳುವ ಕೈ ಇಲ್ಲದೆ ಜೋಕಾಲಿ ಏರುತ್ತಿತ್ತು.

“ಸರ್! ನಿಲ್ಲಸ್ರಿ ಸರ್!”

“ಆರಿಸಿದೀನಿ ಮೌಲಾ. ಆರಿಸಿ ಆಯ್ತು.”

“ಮತ್ತ ಯಾರು ಬಡ್ಯಾಕತ್ತಾರ?”

ಮೌಲಾಹುಸೇನನ ಹೆಜ್ಜೆಗಳು ಇಳಿಜಾರಿನಲ್ಲಿ ದಡದಡ ಓಡಿದವು, ಕಸ್ತೂರೆಮ್ಮನನ್ನು ಕೂಗುತ್ತ.

ಫೋನು ನಡುಗಿತು. ಹೆಂಡತಿ ಅಶ್ವಿನಿ.

“ರೀ, ಪಾಪುಗೆ ಏನೋ ಆಗ್ತಿದೆ. ಟಿವಿ ನೋಡ್ತಾ ಕೂತಿದ್ಲು. ಉಸಿರು... ಉಸಿರು ಒಳಗೆ ಹೋಗ್ತಿಲ್ಲ. ಮೈ ಎಲ್ಲಾ ಸಣ್ಣಗೆ ನಡುಗ್ತಿದೆ. ಪಕ್ಕದ ಮನೆಯವರು ಕಾರ್ ತೆಗೀತಿದಾರೆ. ರೀ, ಕೇಳಿ ಇಲ್ಲಿ, ಇದೇನು ಸದ್ದು ಕೇಳಿ...”

ಅವಳು ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಳು. ಶಿವಕಾಂತ ಕೇಳಿದ. ಜೀವಮಾನವಿಡೀ ಸ್ವರ ಅಳೆದ ಕಿವಿ ಅದು, ಅದಕ್ಕೆ ಯಂತ್ರ ಬೇಕಿರಲಿಲ್ಲ. ಮಗಳ ಗಂಟಲಿನಿಂದ ಬರುತ್ತಿದ್ದದ್ದು ಇನ್ನೂರ ಹನ್ನೊಂದು. ಕಲ್ಲು ಏರಿದಾಗ ಏರುತ್ತಿತ್ತು. ಇಳಿದಾಗ ಇಳಿಯುತ್ತಿತ್ತು.

ಎರಡೂ ಅಂಗೈಗಳನ್ನು ಕಲ್ಲಿನ ಮೇಲೆ ಒತ್ತಿದ. ನಡುಕ ಮೊಳಕೈ ದಾಟಿತು, ಹೆಗಲು ದಾಟಿತು, ಹಲ್ಲು ಕಟಕಟ ಬಡಿದುಕೊಂಡವು. ನಿಲ್ಲಲಿಲ್ಲ. “ಶಿವಕಾಂತ!” ಎಂದು ಕಿರುಚಿದ. ತನ್ನ ಹೆಸರನ್ನು. “ಶಿವಕಾಂತ! ನನ್ನ ತಗೋ! ಶಿವಕಾಂತ!” ಕಲ್ಲಿಗೆ ಅದು ಬೇಕಿರಲಿಲ್ಲ. ಬೇರೆ ಯಾರನ್ನಾದರೂ, ಪ್ರಿನ್ಸಿಪಾಲರನ್ನಾದರೂ, ನೆನೆಯಲು ನೋಡಿದ. ಆಗಲಿಲ್ಲ. ನೆನೆಯಬಾರದು ಎಂದುಕೊಂಡಷ್ಟೂ ಆ ಬಿದ್ದ ಹಲ್ಲಿನ ನಗೆ ಕಣ್ಣಿಗೆ ಒತ್ತಿ ಬರುತ್ತಿತ್ತು. ದೇವರನ್ನು ನೆನೆಯಲು ಹೋದ. ಬಹಳ ಕಾಲದಿಂದ ಬಿಟ್ಟ ದಾರಿ, ಕಾಲಿಗೆ ಸಿಗಲಿಲ್ಲ.

ಕಲ್ಲಿನ ದನಿ ಕೇಳಿ ಆಗಲೇ ಅರ್ಧ ಗುಡ್ಡ ಹತ್ತಿದ್ದ ಕಸ್ತೂರೆಮ್ಮ ಬಂದಳು. ಎಪ್ಪತ್ತರ ಮುದುಕಿ ಆ ಗುಡ್ಡವನ್ನು ಹೇಗೆ ಹತ್ತಿದಳೋ. ಕೈಯಲ್ಲಿ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ಅವಳು ಬೈಯಲಿಲ್ಲ.

“ಯಾರನ್ನ ನೆನೆಸಿದ್ದಿ?”

“ಮಗಳನ್ನ.”

ಅವಳು ಕಣ್ಣು ಮುಚ್ಚಿ ತೆರೆದಳು. “ಬ್ಯಾರೆ ಹೆಸರು ಹೇಳು. ಲಗೂನ. ಎಬ್ಬಿಸಿದವನ ಬಾಯಿಲೇನ ಬರಬೇಕು.”

“ನಂದು ಹೇಳಿದೆ, ತಗೊಳ್ತಿಲ್ಲ!”

“ಎಬ್ಬಿಸಿದವಂದು ನಡೆಯಂಗಿಲ್ಲ. ಕೈ ಇಡಾಕಿ ನಾ, ನಂದೂ ನಡೆಯಂಗಿಲ್ಲ. ಜೀವ ಇದ್ದವರದು ಆಗಬೇಕು. ನೀ ಮುಖ ನೋಡಿದವರದು ಆಗಬೇಕು.”

“ಸಾಯ್ತಾ ಇರೋರು... ಊರಲ್ಲಿ ನರಳ್ತಾ ಇರೋರು ಯಾರಾದ್ರೂ...”

“ಇವತ್ತು ಯಾರೂ ಇಲ್ಲ ತಮ್ಮಾ. ಎಲ್ಲಾರೂ ಆರಾಮ ಅದಾರ.”

ಸೀಳಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಮೌಲಾಹುಸೇನನ ಮೇಲೆ ಶಿವಕಾಂತನ ಕಣ್ಣು ಬಿತ್ತು. ಮೌಲಾಹುಸೇನ ಎರಡೂ ಕೈ ಮುಂದೆ ಹಿಡಿದ, ಬರುವ ಏಟನ್ನು ತಡೆಯುವವನ ಹಾಗೆ.

“ಬ್ಯಾಡ್ರಿ ಸರ್. ನಿಮ್ಮ ಕಾಲಿಗೆ ಬೀಳ್ತೀನಿ. ನನಗ ಐದು ಮಂದಿ ಮಕ್ಕಳದಾವ್ರಿ. ಸಣ್ಣಾಕಿ ಇನ್ನಾ ತೊಟ್ಟಲದಾಗ ಅದಾಳ.”

ಫೋನಿನಲ್ಲಿ ಅಶ್ವಿನಿ ಅಳುತ್ತಿದ್ದಳು. “ರೀ... ತುಟಿ ನೀಲಿ ಆಗ್ತಿದೆ... ರೀ...”

ದನಿ ಏರಿತು. ಗವಿಯ ಸೂರಿನಿಂದ ಮಣ್ಣು ಉದುರಿತು. ಮರಳಿನ ಗೆರೆಗಳು ಒಂದರ ಕಡೆಗೊಂದು ಸರಿಯುತ್ತಿದ್ದವು. ಹಾಸಿನ ನಡುವೆ, ಅಂಗೈ ಸವೆದ ಜಾಗದಲ್ಲಿ, ಅವು ಕೂಡಿ ದುಂಡಗಾಗುತ್ತಿದ್ದವು. ಸಣ್ಣ ದುಂಡು. ಮಗುವಿನ ತೆರೆದ ಬಾಯಿಯಷ್ಟು.

ಶಿವಕಾಂತನ ಬಾಯಿಂದ ಹೆಸರು ಹೊರಟಿತು.

“ಅಮರಗುಂಡಪ್ಪ.”

ಕಸ್ತೂರೆಮ್ಮ ಅಲುಗಲಿಲ್ಲ.

ಅವನು ಅವಳ ಮುಖ ನೋಡಲಿಲ್ಲ, ಕಾಲು ಹಿಡಿದ. “ನಾಲ್ಕು ವರ್ಷದಿಂದ ಮಲಗಿದಾರೆ ಅಮ್ಮ... ನನ್ನ ಮಗುಗೆ ಏಳು ವರ್ಷ... ಏಳೇ ವರ್ಷ...”

“ಮುಂಜಾನೆ ನಕ್ಕಿದ್ರು,” ಎಂದಳು ಕಸ್ತೂರೆಮ್ಮ. ಯಾರಿಗೆ ಹೇಳಿದಳೋ. “ನಿನ್ನ ಕೂಡ ನಕ್ಕಿದ್ರಲ್ಲ.”

ಅವಳು ಹಾಗೇ ಹೊರಗೆ ನಡೆದುಬಿಡಬಹುದಿತ್ತು. ಹೇಳಿದ ಹೆಸರನ್ನು ತಿರುಗಿ ಅನ್ನದಿದ್ದರೆ ಅದು ಬರೀ ಗಾಳಿ. ಫೋನಿನಿಂದ ಬರುತ್ತಿದ್ದ ಎಳೆಯ ದನಿ ತೆಳುವಾಗುತ್ತಿತ್ತು. ಮುದುಕಿ ಅದನ್ನು ಕೇಳಿಸಿಕೊಂಡಳು. ಕೊರಳಿನ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು, ನಿಧಾನವಾಗಿ, ಬೆರಳು ಬೆರಳನ್ನೂ. ಆ ಸವೆದ ಜಾಗದ ಮೇಲೆ ಅಂಗೈ ಇಟ್ಟಳು. ಐವತ್ತೆರಡು ವರ್ಷ ನಾಲಗೆಗೆ ತಾರದ ಹೆಸರನ್ನು, ಒಂದೊಂದೇ ಅಕ್ಷರ ಬಿಡಿಸಿ, ಹೊಸದಾಗಿ ಓದಲು ಕಲಿತವಳ ಹಾಗೆ ಅಂದಳು.

“ಅಮರ... ಗುಂಡಪ್ಪ.”

ಕಲ್ಲು ನಿಂತಿತು.

ಅಂಥ ಮೌನವನ್ನು ಶಿವಕಾಂತ ಎಂದೂ ಕೇಳಿರಲಿಲ್ಲ. ಫೋನಿನಲ್ಲಿ ಮೊದಲು ಕೆಮ್ಮು, ಆಮೇಲೆ ಮಗುವಿನ ಜೋರಾದ ಅಳು, ಅದರ ಮೇಲೆ ತಾಯಿಯ ಅಳು. ಕಸ್ತೂರೆಮ್ಮ ಕಲ್ಲಿನಿಂದ ಕೈ ತೆಗೆದು, ಆ ಕೈಯನ್ನು ಒಮ್ಮೆ ನೋಡಿ, ಸೀಳಿನಿಂದ ಹೊರಗೆ ಹೋದಳು. ಇಳಿಯುವಾಗ ಅವಳು ಅವಸರ ಮಾಡಲಿಲ್ಲ.

ಸಂಜೆಯೊಳಗೆ ಊರು ಸೇರಿತು. ಮುದುಕನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿದ್ದರು. ಭಜನೆಯವರು ತಾಳ ಹಿಡಿದು ಕೂತಿದ್ದರು. ಜಗ್ಗಿದ ಬಾಯಿ ಸಾವಿನಲ್ಲಿ ನೆಟ್ಟಗಾಗಿತ್ತು. ಒಲೆಯ ಪಕ್ಕದಲ್ಲಿ ಅರ್ಧ ತಟ್ಟಿದ ರೊಟ್ಟಿ ಒಣಗಿ ಬಿರಿದಿತ್ತು.

“ಹೆಂಗಾತಬೇ ಯವ್ವಾ? ಮುಂಜಾನೆ ಆರಾಮ ಇದ್ರಲ್ಲ?” ಎಂದು ಬಂದವರೆಲ್ಲ ಕೇಳಿದರು.

“ಶಿವನ ಕರಿ ಬಂತು, ಹೋದ್ರು,” ಎಂದಷ್ಟೇ ಹೇಳುತ್ತಿದ್ದಳು ಕಸ್ತೂರೆಮ್ಮ. ಮೌಲಾಹುಸೇನ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನೂ ಬಾಯಿ ಬಿಡಲಿಲ್ಲ. ಶಿವಕಾಂತನಿಗೆ ಹೋಗಲೂ ಆಗಲಿಲ್ಲ, ಇರಲೂ ಆಗಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತ. ಜನ ಸ್ವಲ್ಪ ಚದುರಿದಾಗ ಕಸ್ತೂರೆಮ್ಮ ಬಂದು ಅವನ ಪಕ್ಕದಲ್ಲಿ ಕೂತಳು. ಅವಳ ಮೈಯಿಂದ ವಿಭೂತಿಯ, ಒಲೆಯ ಹೊಗೆಯ ವಾಸನೆ.

ಆಗಲೇ ಫೋನು ಬೆಳಗಿತು. ಅಶ್ವಿನಿಯ ವಿಡಿಯೋ ಕರೆ. ಕರೆ ಕಡಿಯಬೇಕು ಎಂದು ಅವನು ಬೆರಳು ಎತ್ತಿದ. ಬೆರಳು ಜಾರಿ ತಪ್ಪಾದ ಕಡೆ ಬಿತ್ತು. ಪರದೆಯ ತುಂಬ ಮಗಳ ಮುಖ.

“ಅಪ್ಪಾ! ಡಾಕ್ಟರ್ ಏನೂ ಆಗಿಲ್ಲ ಅಂದ್ರು! ಚಾಕೊಲೇಟ್ ಕೊಟ್ರು! ಪಕ್ಕದಲ್ಲಿ ಯಾರಪ್ಪ, ಅಜ್ಜಿನಾ?”

ಕಸ್ತೂರೆಮ್ಮ ಪರದೆಗೆ ಬಾಗಿದಳು. ಬಹಳ ಹೊತ್ತು ಆ ಮುಖವನ್ನು ನೋಡಿದಳು. ಹಣೆ, ಕಣ್ಣು, ಹಲ್ಲು ಬಿದ್ದ ಜಾಗ.

“ಏನ ಹೆಸರವ್ವಾ ನಿಂದು?”

ಶಿವಕಾಂತ ಫೋನನ್ನು ಆಚೆ ಎಳೆದುಕೊಳ್ಳಲು ಹೋದ.

“ಇಂಚರ,” ಎಂದಿತು ಮಗು.

“ಇಂಚರ,” ಎಂದಳು ಕಸ್ತೂರೆಮ್ಮ, ತಿರುಗಿ. “ಚಂದ ಹೆಸರು. ಮರಿಯಂಗಿಲ್ಲ ಬಿಡು.” ಎದ್ದು ಒಳಗೆ ಹೋದಳು. ಭಜನೆ ಶುರುವಾಯಿತು.

ಶಿವಕಾಂತ ಮರುದಿನ ತುಮಕೂರಿನ ಬಸ್ಸು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಕಾಲೇಜಿನಿಂದ ಮೂರು ಪತ್ರ ಬಂದವು, ಅಶ್ವಿನಿ ಬಂದು ಅತ್ತು ಕರೆದು ಹೋದಳು. ಗಡ್ಡ ಬೆಳೆದು, ಅಂಗಿ ಹರಿದು, ಅವನು ಗವಿಯ ಸೀಳಿಗೆ ಬೆನ್ನು ಕೊಟ್ಟು ಕೂತಿರುತ್ತಾನೆ; ಯಾರೂ ಒಳಗೆ ಹೋಗಿ ಆ ಕಲ್ಲು ಬಡಿಯದ ಹಾಗೆ. ಕುರಿ ಕಾಯುವವರು ಅವನಿಗೆ ಶರಣು ಅನ್ನತೊಡಗಿದ್ದಾರೆ. ಯಾರೋ ಸಾಧು ಎಂದುಕೊಂಡಿದ್ದಾರೆ.

ಗುಡ್ಡ ಹತ್ತಿ ಅವನ ಹತ್ತಿರ ಬರುವವಳು ಒಬ್ಬಳೇ, ಕಸ್ತೂರೆಮ್ಮ. ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಪುಂಡಿಪಲ್ಯ. ಎದುರಿಗೆ ಕೂತು, ಅವನು ತಿನ್ನುವುದನ್ನೇ ನೋಡುತ್ತಾಳೆ. ಆ ಮುಖದಲ್ಲಿ ಸಿಟ್ಟಿಲ್ಲ; ಕರುಣೆ ಇದೆಯೋ ಎಂದು ಅವನು ಹುಡುಕುತ್ತಾನೆ, ಅದೂ ಕಾಣುವುದಿಲ್ಲ. ಖಾಲಿ ಬಟ್ಟೆ ಮಡಚಿಕೊಂಡು ಏಳುವಾಗ, ಗವಿಯೊಳಗಿನ ಕತ್ತಲಿನ ಕಡೆ ಒಮ್ಮೆ ನೋಡಿ, ಪ್ರತಿದಿನವೂ ಒಂದೇ ಮಾತು ಕೇಳುತ್ತಾಳೆ.

“ಇಂಚರ ಆರಾಮ ಅದಾಳೇನು?”